ಬಿಎಸ್ಸಿ ಕೆಮಿಸ್ಟ್ರಿ ತಲೆಗೆ ಹೋಗುತ್ತಿಲ್ಲ, ಬಿಟ್ಟು ಬಿಕಾಂ ಸೇರಲಾ?

ಮಾವಿನತೋಪು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿಯವಳು. ಕೋಲಾರದಲ್ಲಿ ಬಿಎಸ್ಸಿ ಪಿಸಿಎಂ ಓದುತ್ತಿದ್ದೇನೆ, ಈಗ ಎರಡನೇ ಸೆಮಿಸ್ಟರ್. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಇದ್ದಕ್ಕಿದ್ದ ಹಾಗೆ ಎಲ್ಲ ಇಂಗ್ಲಿಷ್ ಆಯಿತು, ಗೈಡ್ ಉರು ಹೊಡೆದು ಹೇಗೋ ಪಾಸಾದೆ. ಸಿಇಟಿ ರ‍್ಯಾಂಕ್ ಹೇಳಿಕೊಳ್ಳುವ ಹಾಗಿರಲಿಲ್ಲ, ಅದಕ್ಕೆ ಬಿಎಸ್ಸಿ.

ಮ್ಯಾಥ್ಸ್ ಪರವಾಗಿಲ್ಲ. ಫಿಸಿಕ್ಸ್ ಹೇಗೋ ನಡೆಯುತ್ತದೆ. ಕೆಮಿಸ್ಟ್ರಿ ಮಾತ್ರ ಮೊದಲ ಸೆಮಿಸ್ಟರಲ್ಲಿ ಅಂಚಿಗೆ ಬಂದು ಪಾಸು. ನಮಗೆ ಗೆಸ್ಟ್ ಲೆಕ್ಚರರ್ ಬಂದಿದ್ದೇ ಅರ್ಧ ಸೆಮಿಸ್ಟರ್ ಕಳೆದ ಮೇಲೆ, ಬಂದವರು ಪಾಪ ಒಂದೇ ಉಸಿರಿಗೆ ಆರು ಚಾಪ್ಟರ್ ಮುಗಿಸಿದರು, ಉಳಿದಿದ್ದು ವಾಟ್ಸಾಪಲ್ಲಿ ಪಿಡಿಎಫ್.

ಲ್ಯಾಬ್ ಅಂದರೆ ಇನ್ನೂ ಭಯ. ಮೊನ್ನೆ ಪರ್ಮಾಂಗನೇಟ್, ಆಕ್ಸಾಲಿಕ್ ಆಸಿಡ್ ಟೈಟ್ರೇಶನ್ ಕೊಟ್ಟಿದ್ದರು, ಅಂದರೆ ಒಂದಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಹಿಡಿಯಿತು ಅಂತ ಅಳೆಯೋದು. ಬ್ಯೂರೆಟ್‌ನಿಂದ ಮೊದಲ ಹನಿ ಬಿಟ್ಟೆ. ಗುಲಾಬಿ ಬಣ್ಣ ಬಂತು, ಹೋಗಲೇ ಇಲ್ಲ. ಇದೇ ಎಂಡ್ ಪಾಯಿಂಟ್, ರಿಯಾಕ್ಷನ್ ಮುಗೀತು ಅಂದುಕೊಂಡು ರೀಡಿಂಗ್ 0.1 ಎಂಎಲ್ ಅಂತ ರೆಕಾರ್ಡಲ್ಲಿ ಬರೆದುಬಿಟ್ಟೆ. ಇಡೀ ಬ್ಯಾಚ್ ನಕ್ಕಿತು. ಆಮೇಲೆ ಪಕ್ಕದವಳು ಬಿಸಿ ಮಾಡು ಅಂದಳು, ಮಾಡಿದೆ, 10 ಎಂಎಲ್ ಬಂತು. ಆಸಿಡ್ 0.05 ಮೋಲಾರ್ (ಲೀಟರಿಗೆ 0.05 ಮೋಲ್), ಪಿಪೆಟ್ ಮಾಡಿದ್ದು 10 ಎಂಎಲ್, ಹಾಗಾಗಿ ಪರ್ಮಾಂಗನೇಟೂ 0.05 ಅಂತ ಉತ್ತರ ಬರೆದೆ. ಅದೂ ತಪ್ಪಂತೆ. ಎರಡೂ 10 ಎಂಎಲ್ ತಾನೇ? ಯಾಕೆ ತಪ್ಪು ಅಂತ ಕೇಳೋಕೆ ಧೈರ್ಯ ಬರಲಿಲ್ಲ.

ಮನೆಯಲ್ಲಿ ಚಿಕ್ಕಪ್ಪ ದಿನಾ ಒಂದೇ ರಾಗ. "ಬಿಎಸ್ಸಿ ಮಾಡಿದೋರೆಲ್ಲ ಖಾಲಿ ಕೂತವ್ರೆ, ಬಿಕಾಂಗೆ ಹೋಗು, ಬ್ಯಾಂಕಾದ್ರೂ ಸಿಗ್ತದೆ." ಬಸ್ಸು ಫ್ರೀ ಇರೋದರಿಂದ ಓಡಾಟಕ್ಕೆ ಖರ್ಚಿಲ್ಲ, ಆದರೆ ಹೋಗಿ ಬರೋದರಲ್ಲೇ ಮೂರು ಗಂಟೆ ಹೋಗುತ್ತದೆ. ಇಷ್ಟೆಲ್ಲ ಮಾಡಿ ಅರ್ಥವೇ ಆಗದಿದ್ದರೆ ಯಾಕೆ ಓದಬೇಕು? ಇದನ್ನು ಓದೋ ದಾರಿ ಏನಾದರೂ ಇದ್ದರೆ ಹೇಳಿ. ಇಲ್ಲವಾದರೆ ಇಲ್ಲ ಅಂತ ನೇರವಾಗಿ ಹೇಳಿ, ಬೇಜಾರಿಲ್ಲ.

ತುಮಕೂರು ಕ್ಯೂಸಿ:

0.1 ಎಂಎಲ್ ಓದಿ ನಕ್ಕೆ, ಬೇಜಾರು ಮಾಡ್ಕೋಬೇಡಮ್ಮ. ನಾನು ಮೊದಲ ವರ್ಷದಲ್ಲಿ ಬ್ಯೂರೆಟ್‌ನ ಕೆಳಗಿನ ನಲ್ಲಿ ಮುಚ್ಚದೆ ಮೇಲಿಂದ ಪರ್ಮಾಂಗನೇಟ್ ಸುರಿದವನು. ಆ ಪ್ಯಾಂಟಿನ ಕಂದು ಕಲೆ ಕೊನೆಗೂ ಹೋಗಲಿಲ್ಲ.

ಮೊದಲು ನಿನ್ನ ಲ್ಯಾಬ್ ವಿಷಯ ಮುಗಿಸೋಣ. ಆ ರಿಯಾಕ್ಷನ್ ತಣ್ಣಗಿದ್ದಾಗ ಬಹಳ ನಿಧಾನ. ಅದಕ್ಕೇ 60-70 ಡಿಗ್ರಿಗೆ ಬಿಸಿ ಮಾಡೋದು. ಬಿಸಿ ಮಾಡಿದರೂ ಮೊದಲ ಹನಿ ಸ್ವಲ್ಪ ಸತಾಯಿಸುತ್ತದೆ, ಆಮೇಲಿನ ಹನಿಗಳು ಬಿದ್ದ ತಕ್ಷಣ ಮಾಯ. ಗಮನಿಸಿದ್ದೀಯಾ? ರಿಯಾಕ್ಷನ್ ನಡೆದಾಗ ಹುಟ್ಟುವ ಮ್ಯಾಂಗನೀಸ್ ಅಯಾನೇ (ಎರಡು ಪ್ಲಸ್) ಅದೇ ರಿಯಾಕ್ಷನ್ನಿಗೆ ಕ್ಯಾಟಲಿಸ್ಟ್, ಅಂದರೆ ವೇಗ ಹೆಚ್ಚಿಸೋದು. ಮೊದಲ ಹನಿ ಬೀಳುವಾಗ ಅದು ಇನ್ನೂ ಹುಟ್ಟಿರೋದೇ ಇಲ್ಲ. ಆಟೋಕ್ಯಾಟಲಿಸಿಸ್ ಅಂತ ನಿನ್ನ ಪಿಡಿಎಫ್‌ನಲ್ಲಿ ಎರಡು ಸಾಲು ಇರುತ್ತದೆ ನೋಡು, ಆ ಎರಡು ಸಾಲು ನಿನ್ನ ಕಣ್ಣ ಮುಂದೆಯೇ ಫ್ಲಾಸ್ಕಲ್ಲಿ ನಡೆದಿದೆ. ಅವತ್ತು ನಕ್ಕವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು ಕೇಳು.

ಇನ್ನೊಂದು. ಸಲ್ಫ್ಯೂರಿಕ್ ಆಸಿಡ್ ಕಡಿಮೆ ಹಾಕಿದರೆ ಕಂದು ಬಣ್ಣದ ಗಸಿ ಬರುತ್ತದೆ, ಅದು ಮ್ಯಾಂಗನೀಸ್ ಡೈಆಕ್ಸೈಡ್, ಬಂದರೆ ಚೆಲ್ಲಿ ಮತ್ತೆ ಮಾಡು. ಹೈಡ್ರೋಕ್ಲೋರಿಕ್ ಯಾಕೆ ಹಾಕಬಾರದು ಅಂತ ವೈವಾದಲ್ಲಿ ಕೇಳೇ ಕೇಳುತ್ತಾರೆ. ಪರ್ಮಾಂಗನೇಟ್ ಹೋಗಿ ಕ್ಲೋರೈಡನ್ನೂ ಆಕ್ಸಿಡೈಸ್ ಮಾಡಿ ಕ್ಲೋರಿನ್ ಮಾಡುತ್ತದೆ, ನಿನ್ನ ರೀಡಿಂಗ್ ಸುಮ್ನೆ ಜಾಸ್ತಿ ಬರುತ್ತದೆ. ಬಣ್ಣ ಗಾಢ ಇರೋದರಿಂದ ರೀಡಿಂಗನ್ನು ಮೇಲಿನ ಅಂಚಿನಲ್ಲಿ ಓದು.

ಈಗ ಲೆಕ್ಕ. ಒಂದು ಪರ್ಮಾಂಗನೇಟ್ 5 ಎಲೆಕ್ಟ್ರಾನ್ ತಗೊಳ್ಳುತ್ತದೆ. ಒಂದು ಆಕ್ಸಾಲಿಕ್ ಆಸಿಡ್ ಕೊಡೋದು ಎರಡೇ. 5 ರೂಪಾಯಿ ಸಾಲ ವಸೂಲಿಗೆ ಬಂದವನಿಗೆ ಜೇಬಲ್ಲಿ ಎರಡೆರಡು ರೂಪಾಯಿ ಇರೋರು ಸೇರಿ ಕೊಡಬೇಕು ಅಂದುಕೋ. ವಸೂಲಿಗೆ ಬಂದವರು ಇಬ್ಬರಾದರೆ 10 ರೂಪಾಯಿ, ಕೊಡೋರು ಐದು ಜನ, ಆಗ ಚಿಲ್ಲರೆ ಸಮಸ್ಯೆ ಇಲ್ಲ. ಅದೇ 2ಕ್ಕೆ 5. ನಿನ್ನ ಹತ್ತಿರ 10 ಎಂಎಲ್ 0.05 ಮೋಲಾರ್ ಆಸಿಡ್ ಇತ್ತು, ಅಂದರೆ 0.5 ಮಿಲಿಮೋಲ್. ಅದರ ಐದರಲ್ಲಿ ಎರಡು ಭಾಗ, 0.2 ಮಿಲಿಮೋಲ್ ಪರ್ಮಾಂಗನೇಟ್. ಅದು ಇದ್ದದ್ದು 10 ಎಂಎಲ್‌ನಲ್ಲಿ. ಹಾಗಾಗಿ 0.02 ಮೋಲಾರ್. ನೀನು ವಾಲ್ಯೂಮ್ ಒಂದೇ ಅಂತ ನೋಡಿದೆ, ಯಾರು ಎಷ್ಟು ಕೊಡ್ತಾರೆ ಅಂತ ನೋಡಲಿಲ್ಲ. ಅಷ್ಟೇ ತಪ್ಪು.

ನನ್ನ ಕೇಳಿದರೆ ನಿನ್ನ ಗಂಟು ಇರೋದು ಇಂಗ್ಲಿಷಲ್ಲೂ ಅಲ್ಲ, ಮೇಷ್ಟರಲ್ಲೂ ಅಲ್ಲ. ಮೋಲ್ ಲೆಕ್ಕದಲ್ಲಿ. ಪಿಯುಸಿಯಲ್ಲಿ ಗೈಡಲ್ಲಿ ದಾಟಿಸಿದ್ದು ಅದನ್ನೇ. ಕೋಲಾರದ ಮಂಡಿಯಲ್ಲಿ ಯಾರಾದರೂ ಟೊಮೆಟೊ ಎಣಿಸ್ತಾರಾ? ಬಾಕ್ಸ್ ತೂಕ ನೋಡ್ತಾರೆ, ಅದರಿಂದ ಎಷ್ಟಿದೆ ಅಂತ ಅಂದಾಜು ಸಿಗುತ್ತದೆ. ಮೋಲ್ ಅಂದರೆ ಅದೇ, ತೂಗಿ ಎಣಿಸೋದು. ನಿಮ್ಮ ಲ್ಯಾಬಿನ ಆಕ್ಸಾಲಿಕ್ ಆಸಿಡ್ ಹರಳಲ್ಲಿ ಎರಡು ನೀರು ಸೇರಿ ಒಂದು ಮೋಲ್‌ಗೆ 126 ಗ್ರಾಂ. 1.575 ಗ್ರಾಂ ತೂಗಿ 250 ಎಂಎಲ್ ಮಾಡಿದರೆ 0.05 ಮೋಲಾರ್ ಆಗುತ್ತದೆ. ಯಾಕೆ ಅಂತ ಪುಸ್ತಕ ನೋಡದೆ ಮಾಡಿ ತೋರಿಸು. ಇಂಥದ್ದು ದಿನಕ್ಕೆ ಐದು, ಬಸ್ಸಲ್ಲಿ ಕೂತು ಮಾಡು. ಮೂರು ಗಂಟೆ ಇದೆ ಅಂದೆಯಲ್ಲ.

ಇಂಗ್ಲಿಷ್ ಬಗ್ಗೆ: ನಾನೂ ಮಧುಗಿರಿ ಕಡೆಯವನು, ಕನ್ನಡ ಮೀಡಿಯಂ. ಒಂದು ಸಣ್ಣ ಪುಸ್ತಕ ಇಟ್ಟಿದ್ದೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನನ್ನ ಮಾತಲ್ಲಿ ಅರ್ಥ. ಡಿಕ್ಷನರಿ ಅರ್ಥ ಅಲ್ಲ. "ರೇಟ್ ಡಿಟರ್ಮೈನಿಂಗ್ ಸ್ಟೆಪ್: ಟೋಲ್ ಗೇಟು. ಹೈವೇ ಎಷ್ಟೇ ಚೆನ್ನಾಗಿರಲಿ ಇಲ್ಲಿ ನಿಂತ್ಕೋಬೇಕು" ಅಂತ ಬರೆದಿದ್ದೆ, ಇವತ್ತಿಗೂ ನೆನಪಿದೆ. ಪರೀಕ್ಷೆಯಲ್ಲಿ ಸಣ್ಣ ಸಣ್ಣ ವಾಕ್ಯ ಬರಿ. ಸಮೀಕರಣ ಬ್ಯಾಲೆನ್ಸ್ ಆಗಿದ್ದರೆ ಅದಕ್ಕೆ ಯಾವ ಮೀಡಿಯಮ್ಮೂ ಇಲ್ಲ.

ಲಾಸ್ಟ್ ಬೆಂಚ್ 7:

ಮೇಲಿನ ಅಣ್ಣ ಹೇಳಿದ್ದು ಸರಿ. ಆದರೆ "ಅರ್ಥ ಮಾಡ್ಕೊಂಡು ಓದು" ಅಂತ ಎಲ್ಲರೂ ಹೇಳಿ ಹೇಳಿ ಉರು ಹೊಡೆಯೋದು ಪಾಪ ಅನ್ನೋ ಹಾಗಾಗಿದೆ. ಕೆಲವನ್ನು ಉರು ಹೊಡೀಲೇಬೇಕು ಮಾರಾಯ್ತಿ. ಸಾಲ್ಟ್ ಅನಾಲಿಸಿಸ್‌ನ ಗ್ರೂಪ್‌ಗಳು, ಯಾವ ಗ್ರೂಪಿಗೆ ಯಾವ ರೀಏಜೆಂಟ್, ಪೀರಿಯಾಡಿಕ್ ಟೇಬಲಿನ ಮೊದಲ 36, ಫ್ಲೇಮ್ ಟೆಸ್ಟ್ ಬಣ್ಣ. ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸ್ಟ್ರಾಂಷಿಯಂ ಕಡು ಕೆಂಪು, ಬೇರಿಯಂ ತಿಳಿ ಹಸಿರು. ಇದರಲ್ಲಿ ಅರ್ಥ ಮಾಡ್ಕೊಳ್ಳೋದು ಏನಿದೆ ಮೊದಲ ವರ್ಷಕ್ಕೆ? ಮಗ್ಗಿ ಥರ ಬಾಯಿಗೆ ಬರಲಿ. ನಾನು ಹಾಸ್ಟೆಲ್ ಬಾತ್‌ರೂಮ್ ಬಾಗಿಲ ಒಳಗಡೆ ಚೀಟಿ ಅಂಟಿಸಿದ್ದೆ, ವಾರ್ಡನ್ ಕಿತ್ತು ಹಾಕೋ ಹೊತ್ತಿಗೆ ಬಂದಿತ್ತು.

ಇನ್ನೊಂದು, ಹಳೇ ಕ್ವೆಶ್ಚನ್ ಪೇಪರ್ ಸಿಕ್ಕಷ್ಟೂ ಬಿಡಿಸು. ಸಿಲಬಸ್ ಬದಲಾಗಿದೆ, ನಾಲ್ಕು ವರ್ಷದ ಎನ್‌ಇಪಿ ಹೋಗಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂತಲ್ಲ, ಆದರೂ ಕೇಳೋ ಪ್ರಶ್ನೆಗಳು ಅವವೇ ಸುತ್ತಾಡುತ್ತವೆ.

ಚಿಂತಾಮಣಿ ಮೇಷ್ಟ್ರು:

ನಾನು ಡಿಗ್ರಿ ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು. ತಾಯಿ, ನಿನ್ನ ಪ್ರಶ್ನೆಯಲ್ಲಿ ಆರ್ಗ್ಯಾನಿಕ್, ಅಂದರೆ ಕಾರ್ಬನ್ ಸಂಯುಕ್ತಗಳ ಕೆಮಿಸ್ಟ್ರಿ ಬಗ್ಗೆ ಒಂದು ಮಾತೂ ಇಲ್ಲ. ಒಂದೋ ಇನ್ನೂ ಶುರುವಾಗಿಲ್ಲ, ಇಲ್ಲಾ ನೋಡೋಕೇ ಭಯ. ಎರಡನೆಯದೇ ಇರಬೇಕು ಅನ್ನಿಸುತ್ತದೆ.

ಆರ್ಗ್ಯಾನಿಕ್‌ನಲ್ಲಿ ಹುಡುಗರು ಮಾಡುವ ಒಂದೇ ತಪ್ಪು, ಓದುತ್ತಾರೆ. ಅದು ಓದುವ ವಿಷಯ ಅಲ್ಲ, ರಂಗೋಲಿ ಥರ ಹಾಕುವ ವಿಷಯ. ನೋಡಿ ಕಲಿತ ರಂಗೋಲಿ ಬೆಳಿಗ್ಗೆ ಬಾಗಿಲ ಮುಂದೆ ಕೈಗೆ ಬರುತ್ತದಾ? ಎಲೆಕ್ಟ್ರಾನ್ ಓಡಾಟ ತೋರಿಸುವ ಬಾಣ ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ಹೋಗುತ್ತದೆ, ಇಷ್ಟೇ ನೋಡು. ಎಲೆಕ್ಟ್ರಾನ್ ಎಲ್ಲಿ ಜಾಸ್ತಿ ಇದೆಯೋ ಅಲ್ಲಿಂದ ಹೊರಡುತ್ತದೆ, ಎಲ್ಲಿ ಕೊರತೆಯೋ ಅಲ್ಲಿಗೆ ಹೋಗುತ್ತದೆ. ಮೂವತ್ತು ವರ್ಷ ನಾನು ತಿದ್ದಿದ ಪೇಪರುಗಳಲ್ಲಿ ಅರ್ಧಕ್ಕರ್ಧ ಜನ ಬಾಣವನ್ನು ಪ್ಲಸ್‌ನಿಂದ ಹೊರಡಿಸಿರುತ್ತಿದ್ದರು. ಇಲ್ಲದವನು ಕೊಡೋದು ಹೇಗೆ?

ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ ಬ್ರೋಮಿನ್ ಮಧ್ಯದ ಕಾರ್ಬನ್‌ಗೆ ಹೋಗುತ್ತದೆ. ಇದನ್ನು ಮಾರ್ಕೊವ್ನಿಕಾಫ್ ನಿಯಮ ಅಂತ ಉರು ಹೊಡೆಯುತ್ತಾರೆ. ಉರು ಹೊಡೆಯಬೇಡ. ಡಬಲ್ ಬಾಂಡಿನ ಎಲೆಕ್ಟ್ರಾನ್ ಮೊದಲು ಹೈಡ್ರೋಜನ್ ಹಿಡಿಯುತ್ತದೆ. ಆಗ ಪಾಸಿಟಿವ್ ಚಾರ್ಜ್ ತುದಿಯಲ್ಲಿ ಇರಬೇಕಾ, ಮಧ್ಯದಲ್ಲಿ ಇರಬೇಕಾ? ಮಧ್ಯದಲ್ಲಿದ್ದರೆ ಅಕ್ಕಪಕ್ಕ ಇಬ್ಬರು ಆಸರೆ ಕೊಡುತ್ತಾರೆ, ತುದಿಯಲ್ಲಿದ್ದರೆ ಒಬ್ಬರೇ. ಅದಕ್ಕೆ ಮಧ್ಯ. ಪೆರಾಕ್ಸೈಡ್ ಹಾಕಿದರೆ ಯಾಕೆ ಉಲ್ಟಾ ಆಗುತ್ತದೆ ಅಂತ ನೀನೇ ಬರೆದು ನೋಡು. ಅಲ್ಲಿ ಮೊದಲು ಬಂದು ಸೇರೋದು ಹೈಡ್ರೋಜನ್ ಅಲ್ಲ, ಇಷ್ಟು ಸುಳಿವು ಸಾಕು.

ನಿನ್ನ ಹೆಸರು ಮಾವಿನತೋಪು. ಶ್ರೀನಿವಾಸಪುರದವಳಿಗೆ ಆರ್ಗ್ಯಾನಿಕ್ ಹೊರಗಿನದು ಹೇಗಾದೀತು? ಕಾರ್ಬೈಡ್ ಪೊಟ್ಟಣ ಇಟ್ಟು ಹಣ್ಣು ಮಾಡೋದನ್ನು ಕೇಳಿರುತ್ತೀಯ. ಕ್ಯಾಲ್ಸಿಯಂ ಕಾರ್ಬೈಡಿಗೆ ಗಾಳಿಯ ತೇವ ತಾಗಿದರೆ ಅಸಿಟಿಲೀನ್ ಬರುತ್ತದೆ, ಉಳಿಯೋದು ಸುಣ್ಣ. ನಿನ್ನ ಆಲ್ಕೈನ್ ಚಾಪ್ಟರಿನ ಮೊದಲ ಸಮೀಕರಣವೇ ಇದು. ಮಾವು ತಾನೇ ಮಾಗುವಾಗ ಬಿಡುವುದು ಎಥಿಲೀನ್. ಅಸಿಟಿಲೀನ್ ಅದರ ಹಾಗೆ ನಟಿಸುತ್ತದೆ, ಅಷ್ಟು ಚೆನ್ನಾಗಿ ಅಲ್ಲ, ಅದಕ್ಕೇ ಸಿಪ್ಪೆ ಹಳದಿಯಾದರೂ ಒಳಗೆ ರುಚಿ ಇರೋದಿಲ್ಲ. ಕಾರ್ಬೈಡಲ್ಲಿ ಆರ್ಸೆನಿಕ್, ಫಾಸ್ಫರಸ್ ಅಂಶ ಬೆರೆತಿರುತ್ತದೆ, ಆದ್ದರಿಂದ ಅದಕ್ಕೆ ನಿಷೇಧ. ಎಥಿಲೀನ್ ಗ್ಯಾಸನ್ನೇ 100 ಪಿಪಿಎಂ ಒಳಗೆ ಬಳಸಬಹುದು ಅಂತ ಆಹಾರ ಸುರಕ್ಷತೆಯವರ ನಿಯಮ ಇದೆ. ಎಥಿಲೀನಿಗಿಂತ ಅಸಿಟಿಲೀನಿನಲ್ಲಿ ಒಂದು ಬಾಂಡು ಜಾಸ್ತಿ, ಎರಡು ಹೈಡ್ರೋಜನ್ ಕಡಿಮೆ. ಹೆಚ್ಚುಕಮ್ಮಿ ಅಷ್ಟೇ ನೋಡು.

ಕಡೆಯದಾಗಿ, ನಿಮ್ಮ ಕಾಲೇಜಲ್ಲಿ ಪಿಪೆಟ್ಟನ್ನು ಬಾಯಲ್ಲಿ ಎಳೆಸುತ್ತಿದ್ದರೆ ಒಪ್ಪಬೇಡ. ಬಲ್ಬ್ ಕೇಳು. ಇಲ್ಲ ಅಂದರೆ ಸ್ನೇಹಿತೆಯರು ಸೇರಿ ಒಂದು ಕೊಂಡುಕೊಳ್ಳಿ, ದುಬಾರಿ ಏನಲ್ಲ. ಆಸಿಡ್ಡಿಗೆ ನೀರು ಹಾಕಬೇಡ, ನೀರಿಗೆ ಆಸಿಡ್ ಹಾಕು.

ಚಾಂಪಿಯನ್ ರೀಫ್ಸ್:

ಮೇಷ್ಟ್ರು ಮಾವಿನ ಕಥೆ ಹೇಳಿದರು, ನಮ್ಮ ಊರಿಂದು ಒಂದು ಸೇರಿಸ್ತೀನಿ. ಮುಂದೆ ಕೋಆರ್ಡಿನೇಶನ್ ಕಾಂಪೌಂಡ್ಸ್ ಅಂತ ಬರುತ್ತದೆ, ಎಲ್ಲರಿಗೂ ಬೋರು. ಕೆಜಿಎಫ್‌ಗೆ ಬಂದು ಆ ಬೂದು ಬಣ್ಣದ ಸೈನೈಡ್ ದಿಬ್ಬಗಳನ್ನು ನೋಡು. ಚಿನ್ನ ಸಾಮಾನ್ಯವಾಗಿ ಯಾವುದಕ್ಕೂ ಜಗ್ಗಲ್ಲ. ಆದರೆ ಸೈನೈಡ್ ದ್ರಾವಣ, ಗಾಳಿಯ ಆಮ್ಲಜನಕ ಎರಡೂ ಸಿಕ್ಕರೆ ಕರಗುತ್ತದೆ, ಎರಡು ಸೈನೈಡ್ ಸೇರಿ ಒಂದು ಚಿನ್ನವನ್ನು ಹಿಡಿದುಕೊಳ್ಳುತ್ತವೆ, ಅದೇ ಕಾಂಪ್ಲೆಕ್ಸ್. ಆಮೇಲೆ ಸತು ಹಾಕಿದರೆ ಸತು ಒಳಗೆ ಹೋಗಿ ಚಿನ್ನ ಹೊರಗೆ. ಗಣಿ 2001ರಲ್ಲಿ ಮುಚ್ಚಿತು, ದಿಬ್ಬ ಹಾಗೇ ಇದೆ, ಜೋರು ಗಾಳಿ ಬಂದರೆ ಆ ಧೂಳು ಮನೆಯೊಳಗೆ ಬರುತ್ತದೆ. ಕಾಂಪ್ಲೆಕ್ಸ್ ಅಂದರೆ ನಮಗೆ ಪುಸ್ತಕದ್ದಲ್ಲ, ಕಿಟಕಿ ಮುಚ್ಚೋ ವಿಷಯ.

ಮಾವಿನತೋಪು:

ಇಷ್ಟು ಜನ ಬರೀತೀರಿ ಅಂತ ಅಂದುಕೊಂಡಿರಲಿಲ್ಲ. ಕ್ಯೂಸಿ ಅಣ್ಣ, 1.575 ಲೆಕ್ಕ ಮಾಡಿದೆ. 0.05 ಗುಣಿಸು 126, ಒಂದು ಲೀಟರಿಗೆ 6.3 ಗ್ರಾಂ, ಅದರ ಕಾಲು ಭಾಗ. ಸರಿ ತಾನೇ? ಇದು ಇಷ್ಟು ಸುಲಭ ಇದ್ದರೆ ಎರಡು ವರ್ಷ ಯಾಕೆ ಹೆದರಿದೆ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಮೇಷ್ಟ್ರೇ, ಪೆರಾಕ್ಸೈಡಲ್ಲಿ ಮೊದಲು ಸೇರೋದು ಬ್ರೋಮಿನ್ ರ‍್ಯಾಡಿಕಲ್. ಪುಸ್ತಕ ನೋಡಿದೆ, ಸುಳ್ಳು ಹೇಳಲ್ಲ.

ಎರಡು ಪ್ರಶ್ನೆ. ಒಂದು, ಚಿಕ್ಕಪ್ಪನಿಗೆ ಏನು ಉತ್ತರ ಕೊಡಲಿ, ಕೆಲಸ ನಿಜವಾಗಿ ಇದೆಯಾ? ಎರಡು, ನಮ್ಮ ಮನೆ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯೋದೇ ಇಲ್ಲ, ಅಮ್ಮ ಎರಡು ಬಿಂದಿಗೆ ಪ್ಲಾಂಟ್ (ಶುದ್ಧ ನೀರಿನ ಘಟಕ) ನೀರು ತಂದು ಬೇಯಿಸ್ತಾರೆ. ಲ್ಯಾಬಲ್ಲಿ ಇಡಿಟಿಎ ಟೈಟ್ರೇಶನ್ ಮುಂದಿನ ವಾರ ಇದೆ. ಅದರಲ್ಲಿ ನಮ್ಮ ನೀರಿನ ಫ್ಲೋರೈಡ್ ಎಷ್ಟಿದೆ ಅಂತ ನೋಡಬಹುದಾ? ನಮ್ಮ ಊರಲ್ಲಿ ಸುಮಾರು ಜನಕ್ಕೆ ಹಲ್ಲು ಕಂದು.

ಎಂಎಸ್ಸಿ ಅಕ್ಕ:

ಕೆಲಸದ ಬಗ್ಗೆ ನಾನು ಹೇಳ್ತೀನಿ, ತುಮಕೂರಲ್ಲಿ ಎಂಎಸ್ಸಿ ಮಾಡ್ತಾ ಇದ್ದೀನಿ. ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ಬರೀ ಬಿಎಸ್ಸಿ ಸರ್ಟಿಫಿಕೇಟ್ ಹಿಡಿದು ಹೋದರೆ ವಸಂತನರಸಾಪುರ, ಪೀಣ್ಯ, ಜಿಗಣಿ ಕಡೆ ಫ್ಯಾಕ್ಟರಿ ಲ್ಯಾಬಲ್ಲಿ ಕೆಲಸ ಸಿಗುತ್ತದೆ, ಶುರುವಿನ ಸಂಬಳ ಕಡಿಮೆ, ಶಿಫ್ಟ್ ಇರುತ್ತದೆ. ಹೆಣ್ಣುಮಕ್ಕಳಿಗೆ ರಾತ್ರಿ ಶಿಫ್ಟ್, ಕ್ಯಾಬ್ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು. ಎಚ್‌ಪಿಎಲ್‌ಸಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯೋ) ಮೆಷಿನ್ ಮುಟ್ಟಿ ಗೊತ್ತಿದ್ದರೆ ಮಾತು ಬೇರೆ.

ಟೀಚರ್ ಆಗೋದಾದರೆ ಬಿಎಸ್ಸಿ ಮೇಲೆ ಎರಡು ವರ್ಷ ಬಿಇಡಿ, 6ರಿಂದ 8ನೇ ಕ್ಲಾಸಿಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕು. ಡಿಗ್ರಿ ಕಾಲೇಜಿಗೆ ಎಂಎಸ್ಸಿ, ಜೊತೆಗೆ ಕೆಸೆಟ್ ಅಥವಾ ನೆಟ್ ಅನ್ನೋ ಅರ್ಹತಾ ಪರೀಕ್ಷೆ. ಇದೆಲ್ಲ ಎಲ್ಲರೂ ಹೇಳ್ತಾರೆ. ನನಗೆ ಯಾರೂ ಹೇಳದೇ ಇದ್ದದ್ದು ಜಾಮ್ ಅನ್ನೋ ಪರೀಕ್ಷೆ. ಐಐಟಿಗಳಲ್ಲಿ ಎಂಎಸ್ಸಿಗೆ ಅದರ ಮೂಲಕವೇ ಸೇರೋದು, ಬೆಂಗಳೂರಿನ ಐಐಎಸ್‌ಸಿ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಅದೇ. 60 ಪ್ರಶ್ನೆ, 100 ಮಾರ್ಕ್ಸ್, ಮೂರು ಗಂಟೆ. ಅದರಲ್ಲಿ ಒಂದಷ್ಟು ಪ್ರಶ್ನೆಗೆ ಆಪ್ಷನ್ನೇ ಇರಲ್ಲ, ಅಂಕಿ ಟೈಪ್ ಮಾಡಬೇಕು, ಮೋಲ್ ಲೆಕ್ಕ ಬರದವರು ಅಲ್ಲೇ ಬೀಳೋದು. ನನಗೆ ಆ ಪರೀಕ್ಷೆ ಇದೆ ಅಂತ ಗೊತ್ತಾಗಿದ್ದು ಕೊನೇ ವರ್ಷ, ಅರ್ಜಿ ಹಾಕೋ ದಿನ ಮುಗಿದ ಮೇಲೆ. ಇನ್ನೂ ಹೊಟ್ಟೆ ಉರಿಯುತ್ತದೆ. ನೀನು ಮೊದಲ ವರ್ಷದಲ್ಲಿದ್ದೀಯ.

ಬಿಕಾಂ ಮಾಡಿದೋರಿಗೆ ಮಾತ್ರ ಬ್ಯಾಂಕು ಅಂತೇನೂ ಇಲ್ಲ, ಬ್ಯಾಂಕ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಚಿಕ್ಕಪ್ಪನಿಗೆ ಇದೊಂದು ಹೇಳು.

ಚಿಂತಾಮಣಿ ಮೇಷ್ಟ್ರು:

ಪುಸ್ತಕ ನೋಡಿದೆ ಅಂದೆಯಲ್ಲ, ಅದೇ ಓದೋದು.

ನೀರಿನ ವಿಷಯ. ಇಡಿಟಿಎ ಫ್ಲೋರೈಡನ್ನು ಮುಟ್ಟುವುದಿಲ್ಲ ತಾಯಿ. ಅದು ಹೇಳುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅಂತ, ಅಂದರೆ ಗಡಸುತನ. ಬೇಳೆ ಬೇಯದಿರುವುದಕ್ಕೆ ಕಾರಣ ಅದೇ, ಕ್ಯಾಲ್ಸಿಯಂ ಹೋಗಿ ಬೇಳೆಯ ಪೆಕ್ಟಿನ್ (ಕೋಶಗಳನ್ನು ಹಿಡಿದಿಡುವ ಅಂಟು) ಜೊತೆ ಗಟ್ಟಿಯಾಗಿ ಕೂರುತ್ತದೆ. ಫ್ಲೋರೈಡಿಗೆ ಬೇರೆ ಎಲೆಕ್ಟ್ರೋಡ್ ಬೇಕು. ಕುಡಿಯುವ ನೀರಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಹೋಗುತ್ತದೆ ಅಂತ ಊರಲ್ಲಿ ಹೇಳುತ್ತಾರೆ, ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ.

ಇಲ್ಲೊಂದು ಮಜಾ ಇದೆ. ನಮ್ಮ ಕಡೆಯ ಗ್ರಾನೈಟ್ ಬಂಡೆಯಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕ್ಯಾಲ್ಸಿಯಂ ಫ್ಲೋರೈಡ್ ನೀರಲ್ಲಿ ಕರಗೋದು ಬಹಳ ಕಡಿಮೆ. ಹಾಗಾಗಿ ಕ್ಯಾಲ್ಸಿಯಂ ಜಾಸ್ತಿ ಇರುವ ನೀರಲ್ಲಿ ಫ್ಲೋರೈಡ್ ಒಂದು ಮಿತಿ ದಾಟಿ ಏರೋದಕ್ಕೆ ಆಗುವುದಿಲ್ಲ. ಬೇಳೆ ಚೆನ್ನಾಗಿ ಬೇಯುವ, ಬಾಯಿಗೆ ಹಿತವಾದ ಬೋರ್ ನೀರಲ್ಲೇ ಫ್ಲೋರೈಡ್ ಜಾಸ್ತಿ ಇರುವುದುಂಟು. ಸಾಲ್ಯುಬಿಲಿಟಿ ಪ್ರಾಡಕ್ಟ್ ಚಾಪ್ಟರ್ ಬಂದಾಗ ಇದನ್ನು ನೆನಪಿಟ್ಟುಕೋ. ನಿಮ್ಮ ನೀರನ್ನು ಮಾತ್ರ ಊಹೆ ಮೇಲೆ ಬಿಡಬೇಡ, ಪಂಚಾಯಿತಿಯಲ್ಲಿ ಹೇಳಿ ಪರೀಕ್ಷೆಗೆ ಕಳಿಸು.

ಗಡಸುತನ ನೀನೇ ನೋಡು. 50 ಎಂಎಲ್ ನೀರು, ಅಮೋನಿಯಾ ಬಫರ್ ಹಾಕಿ ಪಿಎಚ್ 10, 0.01 ಮೋಲಾರ್ ಇಡಿಟಿಎ. ಇಂಡಿಕೇಟರಿನ ಬಣ್ಣ ವೈನ್ ಕೆಂಪಿನಿಂದ ಅಚ್ಚ ನೀಲಿಗೆ ತಿರುಗಬೇಕು, ನೇರಳೆಯಲ್ಲಿ ನಿಲ್ಲಿಸಬೇಡ. ಬಂದ ಎಂಎಲ್ ಅನ್ನು 20ರಿಂದ ಗುಣಿಸು, ಲೀಟರಿಗೆ ಎಷ್ಟು ಮಿಲಿಗ್ರಾಂ ಗಡಸುತನ ಅಂತ ಸಿಗುತ್ತದೆ. ಯಾಕೆ 20 ಅಂತ ನಾನು ಹೇಳುವುದಿಲ್ಲ.

ಮಾವಿನತೋಪು:

ಮೇಷ್ಟ್ರೇ, ಮಾಡಿದೆ! ಮೇಡಂ ಹತ್ತಿರ ಕೇಳಿ ಮನೆ ನೀರಿನ ಬಾಟಲ್ ತಗೊಂಡು ಹೋಗಿದ್ದೆ. 23.4, 23.5, 23.4. ಅಂದರೆ 468. ಪ್ಲಾಂಟ್ ನೀರಿಗೆ 1.6, ಅಂದರೆ 32. ಯಾಕೆ 20 ಅಂದರೆ, 0.01 ಮೋಲಾರ್ ಇಡಿಟಿಎ ಒಂದು ಎಂಎಲ್‌ಗೆ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕ, ನೀರು 50 ಎಂಎಲ್, ಲೀಟರಿಗೆ ಇಪ್ಪತ್ತು ಪಟ್ಟು. ಸರಿ ಇದ್ದರೆ ಒಂದು ಟಿಕ್ ಹಾಕಿ.

ಪಂಚಾಯಿತಿಗೆ ಬಾಟಲ್ ಕೊಟ್ಟಿದ್ದೀನಿ, ಫ್ಲೋರೈಡ್ ರಿಪೋರ್ಟ್ ಇನ್ನೂ ಬಂದಿಲ್ಲ. ಚಿಕ್ಕಪ್ಪ ಅವರ ತೋಟದ ಬೋರ್ ನೀರನ್ನೂ ಎರಡು ಬಾಟಲಲ್ಲಿ ತುಂಬಿಸಿ ಕೊಟ್ಟು "ಇದನ್ನೂ ನೋಡ್ಕೊಂಡು ಬಾ" ಅಂದರು.

ಒಂದೇ ತೊಂದರೆ. ಇವತ್ತು ಮತ್ತೆ ಮಾಡಿದಾಗ ನೀಲಿ ಸರಿಯಾಗಿ ಬರಲಿಲ್ಲ, ಕೊಳೆ ನೀರಿನ ಬಣ್ಣದಲ್ಲೇ ನಿಂತಿತು. ಅದೇ ಇಂಡಿಕೇಟರ್ ಬಾಟಲ್. ಮೇಡಂ ಹಳೇದಾಗಿರಬೇಕು ಅಂದರು. ಹೌದಾ?

ತುಮಕೂರು ಕ್ಯೂಸಿ:

ಟಿಕ್ ನಾನು ಹಾಕಿದೆ, ಮೇಷ್ಟ್ರು ಆಮೇಲೆ ಹಾಕಲಿ. ಹೌದು, ನಿನ್ನ ಇಂಡಿಕೇಟರ್ ಎರಿಯೋಕ್ರೋಮ್ ಬ್ಲ್ಯಾಕ್ ಟಿ, ಅದನ್ನು ದ್ರಾವಣ ಮಾಡಿಟ್ಟರೆ ಬೇಗ ಕೆಡುತ್ತದೆ. ಮೇಡಂಗೆ ಹೇಳಿ ಪುಡಿಯನ್ನು ಒಣ ಸೋಡಿಯಂ ಕ್ಲೋರೈಡ್ ಜೊತೆ, ಒಂದಕ್ಕೆ ನೂರರ ಲೆಕ್ಕದಲ್ಲಿ, ಕುಟ್ಟಾಣಿಯಲ್ಲಿ ಹಾಕಿ ನುಣ್ಣಗೆ ಅರೆದು ಮುಚ್ಚಳ ಬಿಗಿ ಇರುವ ಬಾಟಲಿಗೆ ಹಾಕಿಡಿ. ಪ್ರತಿ ಸಲ ಒಂದು ಚಿಟಿಕೆ ಸಾಕು. ಚಿಕ್ಕಪ್ಪನ ಬಾಟಲಿಗೆ ಮೇಲೆ ಹೆಸರು, ತಾರೀಕು ಬರೆದಿದ್ದೀಯ ತಾನೇ?